ಡಬ್ಬಿ ಮೇಲಿನ ಹೆಸರು

ಕಾಶಿಬಾಯಿಯ ಕೈರೊಟ್ಟಿ ಗೊತ್ತಿಲ್ಲದವರು ಅಫಜಲಪುರದಲ್ಲಿ ಯಾರಾದರೂ ಇದ್ದರೆ ಅವರು ಮೊನ್ನೆ ಮೊನ್ನೆ ವರ್ಗವಾಗಿ ಬಂದ ನೌಕರರೇ ಇರಬೇಕು. ಬಿಳಿಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಕಲ್ಲಿನ ಮೇಲಿಟ್ಟು ಬಡಿಯಲು ಶುರುಮಾಡಿದಳೆಂದರೆ ಓಣಿಗೆ ಓಣಿಯೇ ಏಳುತ್ತಿತ್ತು. ಪಕ್ಕದ ಮನೆಯವರು ಅಲಾರಂ ಇಡುವುದನ್ನೇ ಬಿಟ್ಟಿದ್ದರು. ಒಲೆಯ ಪಕ್ಕ ಒಣಗಿಸಿದ ಅವಳ ಕಡಕ್ ರೊಟ್ಟಿ ಎಷ್ಟು ತೆಳುವೆಂದರೆ, ಅದನ್ನು ಹಿಡಿದು ನೋಡಿದರೆ ಆಚೆ ಕಡೆ ನಿಂತವರ ಮೂಗುಬೊಟ್ಟು ಕಾಣುತ್ತದೆ ಎಂದು ಅವಳ ನೆಗೆಣ್ಣಿಯೇ ಒಪ್ಪಿಕೊಂಡಿದ್ದಳು. ನೆಗೆಣ್ಣಿ ಒಪ್ಪಿದ ಮೇಲೆ ಇನ್ನಾರ ಸರ್ಟಿಫಿಕೇಟು ಬೇಕು?

ಆದರೆ ಬೇಕಾಯಿತು. ಯಾಕೆಂದರೆ ಸೊಸೆ ಅನುರಾಧಾ ಆ ರೊಟ್ಟಿಯನ್ನು ಫೋನಿನಲ್ಲಿ ಮಾರಲು ಹೊರಟಳು. ಜೇವರ್ಗಿಯ ಹುಡುಗಿ, ಬಿ.ಕಾಂ. ಓದಿದವಳು, ಕೈಕಟ್ಟಿ ಕೂರುವ ಪೈಕಿ ಅಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದ ಹಳೆಯ ಗುದ್ದಲಿ, ಹಗ್ಗ, ಹರಿದ ತಾಡಪತ್ರಿಗಳನ್ನೆಲ್ಲ ಹೊರಹಾಕಿಸಿ, ಸಾಲಾಗಿ ಒಲೆ ಹೂಡಿಸಿದಳು. ಓಣಿಯ ತುಳಜಾಬಾಯಿ ಮತ್ತೆ ಅವಳ ಜೊತೆಯ ಹೆಂಗಸರು ಕೆಲಸಕ್ಕೆ ಬಂದರು. ಬೇರೆಯವರ ಹೊಲಕ್ಕೆ ಬಿಸಿಲಲ್ಲಿ ಕಳೆ ತೆಗೆಯಲು ಹೋಗುತ್ತಿದ್ದವರು ಈಗ ನೆರಳಲ್ಲಿ ಕೂತು, ನಗುತ್ತ, ಹರಟುತ್ತ ರೊಟ್ಟಿ ಬಡಿಯತೊಡಗಿದರು. ಕಾಶಿಬಾಯಿಗೆ ಐವತ್ತು ದಾಟಿದ ಮೇಲೆ ಮೊದಲ ಸಲ ತನ್ನದೆನ್ನುವ ಒಂದು ಜಾಗ ಸಿಕ್ಕಂತಾಗಿತ್ತು. ಅಲ್ಲಿ ಅವಳು ಹೇಳಿದ್ದೇ ಮಾತು.

ಅಂಗಡಿಗೆ ಹೆಸರಿಟ್ಟವನು ಮಗ ಧರ್ಮರಾಜ. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಒಂದು ದಿನ ಕಲಬುರಗಿಗೆ ಹೋಗಿ ಬರುವಾಗ ಡಬ್ಬಿಗಳನ್ನು ಅಚ್ಚು ಹಾಕಿಸಿಕೊಂಡೇ ಬಂದ. ಒಂದೆರಡಲ್ಲ, ಅಟ್ಟದ ತುಂಬ. ಅವುಗಳ ಮೇಲೆ ಕೆಂಪು ಅಕ್ಷರದಲ್ಲಿ ‘ಶ್ರೀ ಬೀರಲಿಂಗಪ್ಪ ಕಡಕ್ ರೊಟ್ಟಿ’. ಕೆಳಗೆ ರುಮಾಲು ಸುತ್ತಿಕೊಂಡು, ಮೀಸೆ ತಿರುವಿದ ಅಪ್ಪನ ಫೋಟೋ. ಜನ್ಮದಲ್ಲಿ ಒಂದು ರೊಟ್ಟಿಯನ್ನೂ ತಿರುವಿ ಹಾಕದ ಬೀರಲಿಂಗಪ್ಪ ಆ ದಿನ ಖಾಲಿ ಡಬ್ಬಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಇಡೀ ಬಜಾರು ಸುತ್ತಿ ಬಂದ. ಕೇಳಿದವರಿಗೆ, "ಸುಮ್ಮ ಹಂಗ ತಂದೇನಿ" ಎಂದ. ಬಡಿಯುವವಳ ಹೆಸರು ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ. ಕಾಶಿಬಾಯಿಯೂ ಕೇಳಲಿಲ್ಲ. ಗಂಡನ ಹೆಸರು ಊರೂರು ತಿರುಗುತ್ತದಲ್ಲ ಎಂದು ಖುಷಿಪಟ್ಟಳು, ಪಾಪ.

ಡಬ್ಬಿ ಬಂತು, ರೊಟ್ಟಿ ಬಂತು, ಗಿರಾಕಿ ಮಾತ್ರ ಬರಲಿಲ್ಲ. ಅನುರಾಧಾ ಚೆಂದಚೆಂದದ ಫೋಟೋ ಹಾಕಿದರೆ ಕೆಳಗೆ ಪ್ರಶ್ನೆಗಳ ಸುರಿಮಳೆ. ಇದು ಮಷೀನ್ ರೊಟ್ಟಿ ಅಲ್ಲ ಅಂತ ಏನು ಗ್ಯಾರಂಟಿ? ಇದೇ ಫೋಟೋ ಇನ್ನೊಂದು ಪೇಜಿನಲ್ಲಿ ನೋಡಿದೆನಲ್ಲ? ನೋಡಿದ್ದು ನಿಜ. ಯಾವನೋ ಪುಣ್ಯಾತ್ಮ ಅನುರಾಧಾಳ ಫೋಟೋಗಳನ್ನೇ ಎತ್ತಿಕೊಂಡು ತನ್ನವೆಂದು ಹಾಕಿಕೊಂಡಿದ್ದ. ಕಳ್ಳನ ಫೋಟೋಕ್ಕೆ ಹೆಚ್ಚು ಲೈಕು ಬಂದಿದ್ದವು.

ಇದನ್ನೆಲ್ಲ ನೋಡಿ ಬೀರಲಿಂಗಪ್ಪ ಒಂದು ಗಡುವು ಕೊಟ್ಟ. ಊಟಕ್ಕೆ ಕೂತವನು, ಕೈಯಲ್ಲಿದ್ದ ರೊಟ್ಟಿ ಮುರಿಯುತ್ತ ಹೇಳಿದ: "ನೋಡ್ರಿ, ಬೀಜ-ಗೊಬ್ಬರದ ಶಾಂತಲಿಂಗಪ್ಪ ಗೋದಾಮಿಗಿ ಆ ಶೆಡ್ ಕೇಳಾಕತ್ತಾನ. ದಸರಾ ತನಕ ನಿಮ್ಮ ಆನ್‌ಲೈನ್ ನಡೀತಂದ್ರ ಸೈ. ಇಲ್ಲಂದ್ರ ಒಲಿ ಕಿತ್ತಿ, ಕೀಲಿ ಅಂವನ ಕೈಯಾಗ ಕೊಡಾಂವ ನಾ."

ಕಾಶಿಬಾಯಿ ಬಡಿಸುತ್ತಲೇ ಲೆಕ್ಕ ಹಾಕಿದಳು. ತುಳಜಾಬಾಯಿ ಮತ್ತೆ ಬಿಸಿಲಿಗೆ ಹೋಗಬೇಕು. ತಾನು ಮತ್ತೆ ಅಡುಗೆಮನೆಯ ಮೂಲೆಗೆ. "ದಸರಾ ದೂರ ಅದ ಬಿಡ್ರಿ" ಎಂದಳು ಮೇಲುಮಾತಿಗೆ. ದಸರಾ ದೂರವೇನೂ ಇರಲಿಲ್ಲ.

ಅನುರಾಧಾ ಸೋಲುವವಳಲ್ಲ. ಮರುದಿನ ಫೋನು ಹಿಡಿದು ಶೆಡ್ಡಿಗೆ ಬಂದಳು. "ಅತ್ತಿ, ಫೋಟೋ ಯಾರರ ಕದೀಬಹುದು. ನಿಮ್ಮ ಆವಾಜು ಕದಿಯಾಕ ಆಗಂಗಿಲ್ಲ. ರೊಟ್ಟಿ ಬಡಿಯೋರ ದನಿ ಕಿವಿಲೆ ಕೇಳಿದ್ರ ಗಿರಾಕಿಗಿ ಭರೋಸಾ ಬರ್ತದ. ನೀವು ಬ್ಯಾರೆ ಏನೂ ಮಾಡಬ್ಯಾಡ್ರಿ. ನಮಸ್ಕಾರ ಅನ್ರಿ, ಊರ ಹೆಸರ ಹೇಳ್ರಿ, ಅಂಗಡಿ ಹೆಸರ ಹೇಳ್ರಿ. ಮುಗೀತು."

"ಅಷ್ಟೇ ಏನ?" ಎಂದು ಕಾಶಿಬಾಯಿ ಸೆರಗು ಸರಿಮಾಡಿಕೊಂಡಳು. ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂದು ಹೇಳಿದರೂ ಕೇಳದೆ ಹಣೆಗೆ ಕುಂಕುಮ ಇಟ್ಟುಕೊಂಡು ಬಂದಳು.

"ನಮಸ್ಕಾರ್ರಿ. ನಾವು ಅಫಜಲಪುರದಿಂದ ಮಾತಾಡಾಕತ್ತೇವಿ. ಶ್ರೀ..."

ಅಲ್ಲಿಗೆ ನಿಂತಳು. ಕೆಮ್ಮಿದಳು. ಒಂದು ಗುಟುಕು ನೀರು ಕುಡಿದಳು.

"ನಮಸ್ಕಾರ್ರಿ. ಅಫಜಲಪುರದಿಂದ ರೀ. ಶ್ರೀ... ಶ್ರೀ... ಇವರ ಕಡಕ್ ರೊಟ್ಟಿ."

"ಯಾರ ಅತ್ತಿ?"

"ಇವರ ಬೇ!" ಎಂದು ಕಾಶಿಬಾಯಿ ಡಬ್ಬಿಯ ಮೇಲಿನ ಮೀಸೆಗೆ ಬೆರಳು ತೋರಿಸಿದಳು. ಫೋನಿಗೆ ಬೆರಳು ಕೇಳಿಸುತ್ತದೆಯೇ?

ತುಳಜಾಬಾಯಿ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಅನುರಾಧಾಳಿಗೆ ಆಗ ಹೊಳೆಯಿತು. ಅತ್ತೆ ಗಂಡನ ಹೆಸರನ್ನು ಬಾಯಿಂದ ಆಡುವವಳಲ್ಲ. ಆಡಿದರೆ ಗಂಡನ ಆಯುಷ್ಯಕ್ಕೆ ಕುತ್ತೆಂದು ಅವಳ ಅವ್ವ ಹೇಳಿ ಕಳಿಸಿದ್ದಳು, ಅವಳ ಅವ್ವನಿಗೆ ಅವಳ ಅವ್ವ. ಜನಗಣತಿಯವರು ಬಂದಾಗಲೂ, ಆಸ್ಪತ್ರೆಯ ಚೀಟಿ ಮಾಡಿಸುವಾಗಲೂ ಪಕ್ಕದಲ್ಲಿದ್ದವರ ಕಡೆ ತಿರುಗಿ, "ನೀ ಹೇಳ ಯವ್ವ" ಎನ್ನುತ್ತಿದ್ದಳು. ಇಂಥವಳ ಅಂಗಡಿಗೆ ಅವಳ ಗಂಡನದೇ ಹೆಸರಿಟ್ಟ ಮಗನ ಜಾಣತನಕ್ಕೆ ಏನು ಹೇಳುವುದು! ಅನುರಾಧಾ ಹೆಸರಿನ ಉಸಾಬರಿಯೇ ಬೇಡವೆಂದು, ನಮಸ್ಕಾರವನ್ನೂ ಊರನ್ನೂ ಇಟ್ಟು, ಹಿಂದೆ ರೊಟ್ಟಿ ಬಡಿಯುವ ಸದ್ದು, ಕೊನೆಗೆ ಕಡಕ್ ರೊಟ್ಟಿ ಮುರಿಯುವ ಸದ್ದು ಸೇರಿಸಿ ಕಳಿಸಿದಳು. ಅದೂ ಕೆಲಸ ಮಾಡಿತು. ಅಲ್ಲೊಂದು ಇಲ್ಲೊಂದು ಆರ್ಡರು ಬಂದವು. ಒಬ್ಬ ಗಿರಾಕಿ ಮಾತ್ರ, "ಒಣಎಲೆ ತುಳಿದ ಸದ್ದು ಯಾಕೆ ಕಳಿಸಿದ್ದೀರಿ?" ಎಂದು ಕೇಳಿದ.

ಆಮೇಲೆ ಬಂತು ನೋಡಿ, ಪುಣೆಯ ಫೋನು. ಅನುರಾಧಾ ಆ ದಿನ ತಮ್ಮನಿಗೆ ಹೆಣ್ಣು ನೋಡುವ ಕಾರ್ಯಕ್ಕೆ ಜೇವರ್ಗಿಗೆ ಹೋಗಿದ್ದಳು. ಅಂಗಡಿಯ ಫೋನು ಕಾಶಿಬಾಯಿಯ ಮಡಿಲಲ್ಲಿತ್ತು.

"ನಮಸ್ಕಾರ್ರಿ. ಪುಣೆದಿಂದ ವಿಜಯಶ್ರೀ ಅಂತ ಮಾತಾಡಾಕತ್ತೇನಿ. ಮೂಲ ನಮ್ಮದು ಆಳಂದ. ಮಗಳು ಐಶ್ವರ್ಯಾಂದು ಮದುವಿ ಅದರಿ. ಮದುವಿ ಮನಿಗೆಲ್ಲ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬೇಕಾಗ್ಯದ."

ಮದುವೆ ಮನೆಗೆಲ್ಲ! ಕಾಶಿಬಾಯಿ ಕೂತವಳು ಎದ್ದು ನಿಂತಳು. ಈ ಒಂದು ಆರ್ಡರು ಬಂದರೆ ದಸರಾ ಅಲ್ಲ, ದಸರೆಯ ಅಜ್ಜ ಬಂದರೂ ಶೆಡ್ಡು ಉಳಿಯುತ್ತದೆ. "ಮಾಡಿ ಕೊಡತೇವ್ರಿ! ನಮ್ಮ ಕೈಯಾರೆ ಬಡದು ಕೊಡತೇವ್ರಿ!"

"ಅದಕ್ಕೂ ಮೊದಲ ಜರಾ ವಿಚಾರಣಿ ಮಾಡಬೇಕ್ರಿ. ನಿಶ್ಚಿತಾರ್ಥಕ್ಕ ಹಿಂಗೇ ಆನ್‌ಲೈನ್ ತರಿಸಿ ಮೋಸ ಹೋಗೇವಿ. ಡಬ್ಬಿ ತುಂಬ ಮಷೀನ್ ಮಾಲು ಬಂತು. ಈಗ ಹೇಳ್ರಿ, ಇದು ಯಾವ ಅಂಗಡಿ?"

"ನಮ್ಮದೇ ರೀ."

"ನಿಮ್ಮದು ಅಂದ್ರ? ಹೆಸರೇನ್ರಿ?"

ಕಾಶಿಬಾಯಿ ಸುತ್ತ ನೋಡಿದಳು. ತುಳಜಾಬಾಯಿ ಹಿಟ್ಟು ತರಲು ಗಿರಣಿಗೆ ಹೋಗಿದ್ದಳು, ಉಳಿದವರು ಊಟಕ್ಕೆ. ಹೆಸರು ಹೇಳಿಕೊಡಲು ಒಂದು ಪಿಳ್ಳೆಯೂ ಇರಲಿಲ್ಲ.

"ಡಬ್ಬಿ ಮ್ಯಾಲ ಬರದಾರಲ್ರಿ ಅವ್ವಾರ."

"ಬರದದ್ದು ನನಗ ಕಾಣ್ತದ್ರಿ. ನಿಮ್ಮ ಬಾಯಿಲೆ ಹೇಳ್ರಿ."

"ಅದು... ನಮ್ಮ ಮನ್ಯಾರ ಹೆಸರು ರೀ."

"ಮನ್ಯಾರಿಗಿ ಹೆಸರಿಲ್ಲೇನು? ಏನಂತ ಕರೀತಾರ ಅವರಿಗಿ?"

"ಧರ್ಮನ ಅಪ್ಪ ಅಂತಾರ್ರಿ."

"ತಮ್ಮ ಅಂಗಡಿ ಹೆಸರೇ ಗೊತ್ತಿಲ್ಲ, ಇವರು ರೊಟ್ಟಿ ಮಾರತಾರಂತ! ಬ್ಯಾರೆ ಯಾರನರ ಮೋಸ ಮಾಡ್ರಿ" ಎಂದು ವಿಜಯಶ್ರೀ ಫೋನಿಟ್ಟಳು. ಇಟ್ಟಿದ್ದಷ್ಟೇ ಅಲ್ಲ, ನಂಬರನ್ನು ಬ್ಲಾಕ್ ಮಾಡಿದಳು. ಪುಣೆಯಲ್ಲಿರುವ ನಮ್ಮ ಕಡೆಯವರ ವಾಟ್ಸಾಪ್ ಗುಂಪಿನಲ್ಲಿ, ಈ ಪೇಜು ಖೊಟ್ಟಿ, ಹುಷಾರ್ ಎಂದು ಬರೆದೂ ಬಿಟ್ಟಳು. ಸಂಜೆಯೊಳಗೆ ಬಂದಿದ್ದ ಆರ್ಡರುಗಳೂ ಒಂದೊಂದಾಗಿ ರದ್ದಾದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕಾಶಿಬಾಯಿ ಒಲೆಯ ಮುಂದೆ ಕೂತುಬಿಟ್ಟಳು. ಬೈಸಿಕೊಂಡಿದ್ದು ಅವಳಿಗೆ ಹೊಸದಲ್ಲ. ಆದರೆ ಮೋಸಗಾತಿ ಎಂದು ಯಾರೂ ಅಂದಿರಲಿಲ್ಲ. ಅವಳಿಗೆ ಅಳು ಬಂತು, ಅಳುವಿಗಿಂತ ಜಾಸ್ತಿ ಸಿಟ್ಟು ಬಂತು.

ಸಂಗತಿ ಕೇಳಿದ ಬೀರಲಿಂಗಪ್ಪ ಹಣೆ ಬಡಿದುಕೊಂಡ. "ಎಂಥಾಕಿ ಅದಿ! ಒಂದ್ ಸಲ ಹೆಸರ ಹೇಳಿದ್ರ ನಾ ಏನು ಸತ್ತು ಹೋಗ್ತಿದ್ನೇನು?"

"ಹೋದ್ರ?" ಎಂದಳು ಕಾಶಿಬಾಯಿ ಮೂಗು ಒರೆಸಿಕೊಳ್ಳುತ್ತ. "ಆಮ್ಯಾಲ ಯಾರ ಜವಾಬ್ದಾರಿ?"

ಬೀರಲಿಂಗಪ್ಪ ರುಮಾಲು ಕೊಡವಿಕೊಂಡು ಹೊರಗೆ ಹೋದ. ಮರುದಿನವೇ ಶಾಂತಲಿಂಗಪ್ಪ ಟೇಪು ಹಿಡಿದು ಶೆಡ್ಡು ಅಳೆಯಲು ಬಂದ. ಒಳ್ಳೆಯ ಮನುಷ್ಯ, ಅಳೆಯುತ್ತಲೇ ಎರಡು ರೊಟ್ಟಿ ತಿಂದು, "ಅಕ್ಕಾರ, ಎಂಥ ರುಚಿ ಅದರಿ! ಪಾಪ, ನಿಲ್ಲಬಾರದಿತ್ತು" ಎಂದು ಮರುಗಿದ. ಅವನ ಮರುಕ ಯಾರಿಗೆ ಬೇಕಾಗಿತ್ತು?

ಅನುರಾಧಾ ಜೇವರ್ಗಿಯಿಂದ ಬಂದವಳು ಮೊದಲು ಸಿಟ್ಟಾದಳು. ಅತ್ತೆ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಿದಾಗ, ‘ಧರ್ಮನ ಅಪ್ಪ ಅಂತಾರ್ರಿ’ ಎಂಬಲ್ಲಿಗೆ ಬರುವಷ್ಟರಲ್ಲಿ ನಗು ತಡೆಯಲಾಗದೆ ಕಟ್ಟೆಯ ಮೇಲೆ ಕೂತಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ, "ಈಗ ಏನು ಮಾಡೂದು ಅತ್ತಿ? ನಾ ಹೆಸರ ಹೇಳಿ ಕಳಿಸ್ಲೇನು?" ಎಂದಳು.

"ನೀ ಹೇಳಿದ್ರ ಏನು ಬಂತು? ಮೋಸಗಾತಿ ಅನ್ನಿಸಿಕೊಂಡಾಕಿ ನಾ" ಎಂದಳು ಕಾಶಿಬಾಯಿ.

ಆಗ ತುಳಜಾಬಾಯಿ, ಹಿಟ್ಟು ಜರಡಿ ಹಿಡಿಯುತ್ತಿದ್ದವಳು, ತಲೆ ಎತ್ತದೆ ಹೇಳಿದಳು: "ಅಯ್ಯ, ಒಡಪ ಹಾಕಿ ಹೇಳಿದ್ರ ಏನಾಗ್ತದ? ಒಡಪಿನಾಗ ಹೇಳಿದ್ರ ದೋಷ ಇಲ್ಲಲ್ಲ. ನಿನ್ನ ಮದುವ್ಯಾಗ ನೀ ಹಾಕಿದ ಒಡಪಕ್ಕ ಬೀಗರ ಮಂದಿ ಬಾಯಿ ಮುಚ್ಚಿ ಕುಂತಿದ್ರು, ನೆನಪಿಲ್ಲೇನು?"

ಹೌದಲ್ಲ! ಮದುವೆಯಲ್ಲಿ, ಸೀಮಂತದಲ್ಲಿ, ಬಾಗಿಲು ತಡೆಯುವ ಹೊತ್ತಿನಲ್ಲಿ ಹೆಂಗಸರು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಕೂಡಿಸಿ ಹೇಳುವುದಿಲ್ಲವೇ? ದೇವರೂ ಅದಕ್ಕೆ ಮಾಫಿ ಕೊಟ್ಟಿದ್ದಾನೆ. ಒಡಪು ಎಂದರೆ ಕಾಶಿಬಾಯಿಗೆ ನೀರು ಕುಡಿದಷ್ಟು ಸಲೀಸು. ಒಂದು ಕಾಲಕ್ಕೆ ಅವಳನ್ನು ಒಡಪು ಹೇಳಿಸಲೆಂದೇ ಮದುವೆಗೆ ಕರೆಯುತ್ತಿದ್ದರು.

"ಫೋನಿಗಿ ಯಾರರ ಒಡಪ ಹೇಳತಾರೇನ ಬೇ?" ಎಂದು ನಾಚಿಕೊಂಡಳು. ಆದರೆ ಕಣ್ಣು ಆಗಲೇ ಪ್ರಾಸ ಹುಡುಕುತ್ತಿದ್ದವು. ಪುಣೆಯವರು ಬ್ಲಾಕ್ ಮಾಡಿದ್ದರಿಂದ ತುಳಜಾಬಾಯಿಯ ಫೋನು ತಂದರು. ಕಾಶಿಬಾಯಿ ಬಡಿಯುವ ಕೈ ನಿಲ್ಲಿಸದೆ, ಅದೇ ತಾಳಕ್ಕೆ ಶುರುಮಾಡಿದಳು.

"ನಮಸ್ಕಾರ್ರಿ ಅವ್ವಾರ. ಮೊನ್ನಿ ಹೆಸರ ಕೇಳಿದ್ರಿ, ಹೇಳಾಕ ಆಗಲಿಲ್ಲ. ಈಗ ಹೇಳತೇನಿ, ಕೇಳ್ರಿ.

ಎಳ್ಳು ಹಚ್ಚಿ ಬಡದ ರೊಟ್ಟಿ, ಎದುರಿಗಿಟ್ಟ ಗಟ್ಟಿ ಮಸರ,
ಪುಣೆ ಮಂದಿ ಕೇಳ್ರಿ, ಬೀರಲಿಂಗಪ್ಪ ನಮ್ಮ ಮನ್ಯಾರ ಹೆಸರ.

ಅದೇ ಅಂಗಡಿ ಹೆಸರು ರೀ. ರೊಟ್ಟಿ ಬಡಿಯಾಕಿ ನಾನೇ. ಮಷೀನ್ ಇಲ್ಲ, ಮೋಸ ಇಲ್ಲ. ಬೇಕಂದ್ರ ತಗೋರಿ, ಬ್ಯಾಡಂದ್ರ ಬಿಡ್ರಿ, ಕಳ್ಳಿ ಮಾತ್ರ ಅನಬ್ಯಾಡ್ರಿ."

ಕಳಿಸಿದ ಮೇಲೆ ಯಾರಿಗೂ ಕೆಲಸದಲ್ಲಿ ಮನಸ್ಸಿರಲಿಲ್ಲ. ಮಧ್ಯಾಹ್ನ ತಿರುಗುವ ಹೊತ್ತಿಗೆ ತುಳಜಾಬಾಯಿಯ ಫೋನು ಟಿಣ್ ಎಂದಿತು. ಅಲ್ಲಿಂದಲೂ ಒಂದು ದನಿ. ಆದರೆ ವಿಜಯಶ್ರೀಯದಲ್ಲ. ಮುದಿ ದನಿ, ಹಲ್ಲಿಲ್ಲದ ಬಾಯಿ, ಆದರೆ ಗಟ್ಟಿ.

"ತಂಗೀ, ನಾ ಗುರುಶಾಂತಮ್ಮ. ವಿಜಯಶ್ರೀ ಅತ್ತಿ. ನನಗ ಕಣ್ಣು ಮಂಜು, ಫೋಟೋ-ಗೀಟೋ ಕಾಣಂಗಿಲ್ಲ. ಕಿವಿ ಮಾತ್ರ ಬರೋಬ್ಬರಿ ಅವ. ನಿನ್ನ ಒಡಪ ಕೇಳಿ ನಕ್ಕು ನಕ್ಕು ಹೊಟ್ಟಿ ಹಿಡ್ಕೊಂಡೆ. ನನ್ನ ಸೊಸಿಗಿ ಅಂದೆ, ಅಯ್ಯ ಹುಚ್ಚಿ, ಮೋಸ ಮಾಡಾಕಿ ಆಗಿದ್ರ ಕೇಳಿದ ಕೂಡ್ಲೇ ಪಟಪಟ ಹೆಸರ ಹೇಳಿಬಿಡ್ತಿದ್ದಳು. ಹೇಳಾಕ ಬರಲಾರದೆ ಒದ್ದಾಡ್ಯಾಳಂದ್ರ ಆಕಿ ಖರೇ ಹೇಂತಿ, ಆ ಅಂಗಡಿನೂ ಖರೇ. ಪುಣೆಕ ಬಂದು ನಮ್ಮ ಕಡೀದೆಲ್ಲ ಮರತಿ ಏನ ಅಂತ ಬೈದೆ. ಈಗ ನಂದೊಂದು ಕೇಳು:

ಆಳಂದ ಪ್ಯಾಟ್ಯಾಗ ತೊಗರಿ ರಾಶಿ, ನೋಡಿದ್ರ ಬಂಗಾರದ ಬಣ್ಣ,
ಹುಡುಕಿದ್ರೂ ಸಿಗಂಗಿಲ್ಲ ಇಂಥ ಗಂಡ, ನಮ್ಮ ನಾಗಣ್ಣ.

ಇಲ್ಲೇ ಬಾಜೂ ಕುಂತಾರ. ಕಿವಿ ಕೇಳಂಗಿಲ್ಲ, ಅದಕ್ಕ ಇಷ್ಟು ಧೈರ್ಯ!"

ಶೆಡ್ಡು ನಗೆಯಿಂದ ಬಿದ್ದು ಹೋಗುವುದೊಂದು ಬಾಕಿ. ಕಾಶಿಬಾಯಿ ಆ ಮಾತನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದಳು. ಒಡಪಿಗಲ್ಲ. ‘ಖರೇ ಹೇಂತಿ, ಆ ಅಂಗಡಿನೂ ಖರೇ’ ಎಂಬ ಮಾತಿಗೆ. ವಿಜಯಶ್ರೀಯೂ ಫೋನು ಮಾಡಿ, "ತಪ್ಪಾತ್ರಿ, ಮನಸಿಗಿ ಹಚ್ಕೋಬ್ಯಾಡ್ರಿ" ಎಂದಳು. ಮದುವೆಯ ಆರ್ಡರನ್ನು ಮಾತ್ರ ಮನೆಯವರನ್ನು ಕೇಳಿ ಹೇಳುತ್ತೇನೆಂದಳು. ತಾನು ಖೊಟ್ಟಿ ಎಂದು ಬರೆದ ಅದೇ ಗುಂಪಿಗೆ ಕಾಶಿಬಾಯಿಯ ಒಡಪನ್ನು ತಾನೇ ಹಾಕಿದಳು.

ಅಲ್ಲಿಂದ ಶುರುವಾಯಿತು. ಒಡಪು ಪುಣೆಯಿಂದ ಸೋಲಾಪುರಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಹೋಯಿತು. ಆರ್ಡರು ಕೊಟ್ಟವರು, "ನಮಗೂ ಒಂದು ಒಡಪು ಕಳಿಸಿ" ಎಂದು ಕೇಳತೊಡಗಿದರು. ಅನುರಾಧಾ ಪಾರ್ಸಲ್ ಕಟ್ಟಿದಾಗಲೆಲ್ಲ ಅತ್ತೆಯ ಮುಂದೆ ಫೋನು ಹಿಡಿಯುತ್ತಿದ್ದಳು, ಕಾಶಿಬಾಯಿ ಗಿರಾಕಿಯ ಊರನ್ನು ಸೇರಿಸಿ ಹೊಸದೊಂದು ಕಟ್ಟುತ್ತಿದ್ದಳು. ‘ಭೀಮಾ ದಂಡಿ ಬಿಳಿಜ್ವಾಳ, ನಿಂತಾದ ತೆನಿ ತೂಗಿ, ಬೀರಲಿಂಗಪ್ಪನ ಮನಿ ರೊಟ್ಟಿ ಹೊಂಟಾದ ಬಸ್ಸಿನಾಗ ಸಾಗಿ’ ಎಂಬುದನ್ನು ಕೇಳಿ, ಪಾರ್ಸಲ್ ಒಯ್ಯುವ ಆಟೋದ ಲಾಡ್ಲೆಸಾಬ, "ಅಕ್ಕಾ, ಬಸ್ಸಿಗಿಂತ ಮೊದಲ ನನ್ನ ಆಟೋದಾಗ ಹೋಗ್ತಾದ. ನನ್ನ ಹೆಸರ್ಯಾಕ ಬಿಟ್ರಿ?" ಎಂದು ಜಗಳ ತೆಗೆದ. ಕದ್ದ ಫೋಟೋದವನಿಗೆ ಗಿರಾಕಿಗಳು ಒಡಪು ಕೇಳಿ ಕೇಳಿ ಸಾಕುಮಾಡಿದರು. ಅವನು ಪೇಜು ಮುಚ್ಚಿಕೊಂಡು ಹೋದ.

ಎಲ್ಲರಿಗಿಂತ ಹೆಚ್ಚು ಒದ್ದಾಡಿದವನು ಬೀರಲಿಂಗಪ್ಪ. ಚಹಾದಂಗಡಿಗೆ ಹೋದರೆ ಸಾಕು, "ಬರ್ರಿ ಬರ್ರಿ, ಗಟ್ಟಿ ಮಸರ ಬಂತು" ಎಂದು ಮಂದಿ ಕಾಡುತ್ತಿದ್ದರು. "ಏ, ಸಾಕ್ರಲೇ" ಎಂದು ಮುಖ ಗಂಟುಹಾಕುತ್ತಿದ್ದ. ಆದರೆ ಮೀಸೆಯ ಕೆಳಗೆ ನಗು ಜಾರಿಬಿಡುತ್ತಿತ್ತು. ಹಾಗಂತ ಶೆಡ್ಡಿನ ಮಾತು ಬಿಟ್ಟುಕೊಡುವವನೇ? "ಚಿಲ್ಲರೆ ಆರ್ಡರ್ ಮ್ಯಾಲ ಹೇಳಾಕ ಬರಂಗಿಲ್ಲ. ಮದುವೀದು ಪಕ್ಕಾ ಆಗ್ಲಿ, ಆಮ್ಯಾಲ ನೋಡಾಮು" ಎಂದ. ದಸರಾ ಹತ್ತಿರ ಬಂದಿತ್ತು. ಶಾಂತಲಿಂಗಪ್ಪ ದಾರಿಯಲ್ಲಿ ಸಿಕ್ಕಾಗಲೆಲ್ಲ ಕಣ್ಣಲ್ಲೇ ಕೇಳುತ್ತಿದ್ದ.

ಅಷ್ಟರಲ್ಲಿ ಪುಣೆಯಿಂದ ಗುರುಶಾಂತಮ್ಮನ ದನಿ ಮತ್ತೆ ಬಂತು.

"ತಂಗೀ, ನಿನ್ನ ಮ್ಯಾಲ ನನಗ ಭರೋಸಾ ಅದ. ಆದ್ರ ನನ್ನ ಮಗ ಒಪ್ಪವಲ್ಲ. ಡಬ್ಬಿ ಮ್ಯಾಲಿನ ಗಂಡಸು ಯಾವನೋ ನಾಟಕದಾಂವ, ಮೀಸಿ ಹಚ್ಚಿ ನಿಲ್ಲಿಸ್ಯಾರ ಅಂತಾನ! ಮದುವಿ ಕೆಲಸ ನೋಡವ್ವ, ಕಡೀಗಿ ಕೈ ಕೊಟ್ರ ಬೀಗರ ಮುಂದ ನಮ್ಮ ಇಜ್ಜತ್ತು ಹೋಗ್ತದ. ಅದಕ್ಕ ಆ ಬೀರಲಿಂಗಪ್ಪನ ಆವಾಜೂ ಒಂದಿಷ್ಟು ಕೇಳಸು. ರೊಟ್ಟಿ ಯಾರು ಬಡೀತಾರ, ಹೇಳಿದ ದಿನಕ್ಕ ಮುಟ್ಟಸ್ತೀರೋ ಇಲ್ಲೋ, ಅಂವನ ಬಾಯಿಲೇ ಬರ್ಲಿ. ನಾಳಿ ತನಕ ಕಾಯತೇವಿ. ಬಂತಂದ್ರ ಆರ್ಡರ್ ಪಕ್ಕಾ."

ಬೀರಲಿಂಗಪ್ಪನಿಗೆ ಹೇಳಿದರೆ, "ನಾ ಯಾಕ? ನಂದೇನದ ಅದರಾಗ?" ಎಂದು ಎದ್ದೇಬಿಟ್ಟ. ಡಬ್ಬಿ ಹಿಡಿದು ಬಜಾರು ಸುತ್ತುವಾಗ ಇವನದಾಗಿತ್ತು, ಮಾತಾಡುವಾಗ ಇವನದಲ್ಲ! ಧರ್ಮರಾಜ ಹಿಡಿದು ಕೂರಿಸಿ ಮುಂದೆ ಫೋನಿಟ್ಟ. ಬೀರಲಿಂಗಪ್ಪ ಹೊಳೆಯ ಆಚೆ ದಂಡೆಯವರನ್ನು ಕರೆಯುವಂತೆ, "ಹಲೋ! ಹಲೋ! ಕೇಳಾಕತ್ತದೇನ್ರೀ?" ಎಂದು ಕಿರುಚಿದ. "ಯಪ್ಪ, ಇದರಾಗ ಯಾರೂ ಇಲ್ಲ, ಸುಮ್ಮ ಮಾತಾಡು" ಎಂದರೆ, ಯಾರೂ ಇಲ್ಲದೆ ಯಾರ ಜೊತೆ ಮಾತಾಡಲಿ ಎಂದು ವಾದಕ್ಕೆ ನಿಂತ. ಮತ್ತೆ ಶುರುಮಾಡಿದ. "ನಾ ಬೀರಲಿಂಗಪ್ಪ. ರೊಟ್ಟಿ ಬಡಿಯಾಕಿ... ಬಡಿಯಾಕಿ ಇಕಿ ರೀ." ಅನುರಾಧಾ ಮೆಲ್ಲಗೆ, "ಮಾವ, ಯಾಕಿ ಅಂತ ಅವರಿಗಿ ತಿಳೀಬೇಕಲ್ರಿ" ಎಂದಳು. ಬೀರಲಿಂಗಪ್ಪ ಬೆವರು ಒರೆಸಿಕೊಂಡ. "ನಮ್ಮ ಧರ್ಮನ ಅವ್ವ ರೀ" ಎಂದ.

ತುಳಜಾಬಾಯಿ ತಡೆಯಲಾರದೆ ಹೇಳಿಯೇಬಿಟ್ಟಳು. "ಅಣ್ಣಾರ, ಆಕಿ ಹೇಳಲಿಲ್ಲಂತ ಹಣಿ ಬಡ್ಕೊಂಡ್ರಿ. ಈಗ ನಿಮ್ಮ ಬಾಯಿಗಿ ಏನಾಗ್ಯದ್ರಿ?"

ಬೀರಲಿಂಗಪ್ಪ ಕೆಂಪಗಾದ. ಕಾಶಿಬಾಯಿಗೆ ಅವನ ಮೇಲೆ ಕನಿಕರ ಹುಟ್ಟಿತು. ಶೆಡ್ಡು ಹೋದರೆ ಹೋಗಲಿ, ಮಂದಿಯ ಮುಂದೆ ಇವರ ಮುಖ ಹೀಗಾಗುವುದು ಬೇಡ ಎನಿಸಿತು. "ಬಿಡ್ರಿ, ಬ್ಯಾಡ ಬಿಡ್ರಿ. ನಾ ಗುರುಶಾಂತಮ್ಮಾರಿಗಿ ಏನರ ಹೇಳತೇನಿ" ಎಂದಳು. ಹೇಳುವುದಕ್ಕೆ ಏನೂ ಇಲ್ಲವೆಂದು ಅವಳಿಗೂ ಗೊತ್ತಿತ್ತು.

ಬೀರಲಿಂಗಪ್ಪ ಫೋನನ್ನು ಎತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಹೋದ. ಬಹಳ ಹೊತ್ತು ಬರಲೇ ಇಲ್ಲ. ಬಂದವನು ಫೋನನ್ನು ಮಗನ ಕೈಗಿಟ್ಟು, ಯಾರ ಮುಖವನ್ನೂ ನೋಡದೆ, ಎತ್ತಿಗೆ ಮೇವು ಹಾಕಬೇಕೆಂದು ಗೊಣಗಿಕೊಂಡು ಅಂಗಳಕ್ಕೆ ನಡೆದ. ಧರ್ಮರಾಜ ಒತ್ತಿದ. ಒಲೆಗಳ ಸುತ್ತ ಎಲ್ಲರೂ ತಲೆ ಕೂಡಿಸಿದರು.

"ನಮಸ್ಕಾರ್ರಿ ಅವ್ವಾರ. ನಾ ಬೀರಲಿಂಗಪ್ಪ. ಡಬ್ಬಿ ಮ್ಯಾಲಿನ ಮಾರಿ ನಂದೇ, ಮೀಸಿನೂ ನಂದೇ. ಖರೇ ಹೇಳಬೇಕಂದ್ರ ನಾ ಇಲ್ಲಿತನ ಒಂದ್ ರೊಟ್ಟಿನೂ ಬಡದಿಲ್ಲ. ತಿಂದೇನಿ ಅಷ್ಟೇ. ಬಡಿಯಾಕಿ... ತಡೀರಿ, ನಾನೂ ಒಂದು ಒಡಪ ಹಾಕತೇನಿ. ಹಿತ್ತಲಾಗ ಬೆಳದಾದ ಹೀರಿಕಾಯಿ... ಹೀರಿಕಾಯಿ..."

ಮುಂದೆ ದನಿ ನಿಂತಿತು. ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹೋದ ಸದ್ದು, ಕೋಳಿ ಕೂಗಿದ ಸದ್ದು. "ಇವರ ಹಿತ್ತಲಾಗ ಹೀರಿಕಾಯಿ ಎಲ್ಯಾವ ಬೇ?" ಎಂದು ತುಳಜಾಬಾಯಿ ಪಿಸುಗುಟ್ಟಿದಳು. ಯಾರೋ ಶ್ ಎಂದರು.

"...ಹಿತ್ತಲಾಗ ಬೆಳದಾದ ಹೀರಿಕಾಯಿ,
ನಮ್ಮ ಮನಿ ಹೆಸರ ಉಳಿಸ್ಯಾಳ ನಮ್ಮ ಕಾಶಿಬಾಯಿ.

ಹಾಂ. ಕಾಶಿಬಾಯಿ. ರೊಟ್ಟಿ ಅಕಿದು, ದುಡಿಕಿ ಅಕಿದು. ನನ್ನ ಹೆಸರ ಸುಳ್ಳೇ ಡಬ್ಬಿ ಮ್ಯಾಲ ಕುಂತದ. ಅಕಿ ಮಾತ ಕೊಟ್ಟಾಳಂದ್ರ ಹೇಳಿದ ದಿನಕ್ಕ ರೊಟ್ಟಿ ಮುಟ್ಟತಾವ, ಅದಕ್ಕ ನಾ ಜವಾಬ್ದಾರಿ. ಶೆಡ್ಡೂ ಅಕಿದೇ. ಶಾಂತಲಿಂಗಪ್ಪಗ ಬ್ಯಾರೆ ಜಾಗಾ ನೋಡ್ಕೋ ಅಂತ ಹೇಳತೇನಿ. ಇಡ್ಲೇನ್ರಿ?"

ಅನುರಾಧಾ ಅತ್ತೆಯ ಕಡೆ ನೋಡಿದಳು. ಕಾಶಿಬಾಯಿಯ ಕೈಯಲ್ಲಿ ಹಿಟ್ಟಿನ ಉಂಡೆ ಹಾಗೇ ಇತ್ತು, ಕಣ್ಣಲ್ಲಿ ನೀರು ತುಂಬಿತ್ತು, ಬಾಯಲ್ಲಿ ನಗು. ಮದುವೆಯಾಗಿ ಬಂದ ದಿನದಿಂದ ಅವಳು ‘ಏ’ ಆಗಿದ್ದಳು, ‘ಇಕಿ’ ಆಗಿದ್ದಳು, ಮಗ ಹುಟ್ಟಿದ ಮೇಲೆ ‘ಧರ್ಮನ ಅವ್ವ’ ಆಗಿದ್ದಳು. ಗಂಡನ ದನಿಯಲ್ಲಿ ತನ್ನ ಹೆಸರು ಹೇಗೆ ಕೇಳುತ್ತದೆ ಎಂಬುದು ಅವಳಿಗೆ ಇಂದು ಗೊತ್ತಾಯಿತು.

"ಕಳಿಸ್ಲೇನು ಅತ್ತಿ?"

"ಕಳಿಸ ಯವ್ವ, ಕಳಿಸ. ಹೀರಿಕಾಯಿ ಸುಳ್ಳಾದ್ರೂ ಉಳದದ್ದೆಲ್ಲ ಖರೇ ಅದ" ಎಂದ ಕಾಶಿಬಾಯಿಯ ಮಾತಿಗೆ ಎಲ್ಲರೂ ಒಮ್ಮೆಲೇ ನಕ್ಕರು.

ಪುಣೆಯಿಂದ ಜವಾಬು ಬರಲು ತಡವಾಗಲಿಲ್ಲ. ಗುರುಶಾಂತಮ್ಮ ನಗುತ್ತಲೇ, "ಪಕ್ಕಾ, ಪಕ್ಕಾ! ಇಂಥ ಕೆಟ್ಟ ಒಡಪ ನಾಟಕದಾಂವ ಹೇಳಾಕ ಸಾಧ್ಯನೇ ಇಲ್ಲಂತ ನನ್ನ ಮಗನೂ ಒಪ್ಪಿದ" ಎಂದಳು. ತುಳಜಾಬಾಯಿ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡು, "ಏಳ್ರಿ ಬೇ, ಹಿಟ್ಟು ನಾದ್ರಿ" ಎಂದು ಎಲ್ಲರನ್ನೂ ಎಬ್ಬಿಸಿದಳು.

ಕಾಶಿಬಾಯಿ ಕೈತೊಳೆದು, ಒಂದು ಲೋಟ ಚಹಾ ಹಿಡಿದು ಅಂಗಳಕ್ಕೆ ಹೋದಳು. ಬೀರಲಿಂಗಪ್ಪ ಎತ್ತಿನ ಮೈ ತಿಕ್ಕುತ್ತಿದ್ದ. ಆ ಎತ್ತಿನ ಮೈಯನ್ನು ಬೆಳಗ್ಗೆಯೇ ತಿಕ್ಕಿಯಾಗಿತ್ತು. ಚಹಾ ತೆಗೆದುಕೊಂಡ, ಮುಖ ಎತ್ತಲಿಲ್ಲ.

"ಆರ್ಡರ್ ಪಕ್ಕಾ ಆತ್ರಿ" ಎಂದಳು.

"ಹೂಂ."

ಅವಳು ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತಳು.

"ಮತ್ತೇನ?" ಎಂದ ಬೀರಲಿಂಗಪ್ಪ.

"ಏನಿಲ್ಲ. ಆ ಫೋನಿನಾಗ ಅಂದ್ರಲ್ಲ, ಅದನ್ನ ಜರಾ ಇನ್ನೊಮ್ಮಿ ಅನ್ರಿ."

ಬೀರಲಿಂಗಪ್ಪ ಬಾಗಿಲ ಕಡೆ ನೋಡಿದ, ಓಣಿಯ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಚಹಾದ ಲೋಟದೊಳಗೆ ಹೇಳಿದಂತೆ ಮೆಲ್ಲಗೆ ಹೇಳಿದ.

"ಕಾಶಿಬಾಯಿ."

"ಓ" ಎಂದಳು ಕಾಶಿಬಾಯಿ.